ಒಂದೇ ಗುರುತು ಉಳಿದಾಗ

ಜೂನ್ ೩, ಸೋಮವಾರ

“ಅಧ್ಯಕ್ಷರೇ, ನೆರೆದಿರುವ ಮಿತ್ರರೇ, ನನ್ನ ಮಗಳಿಗಾಗಿ ಒಂದು ಗಂಟೆ ತೆಗೆದಿಟ್ಟು ಬಂದ ತಮಗೆಲ್ಲ ವಂದನೆಗಳು. ತಾವು ಬಂದದ್ದಕ್ಕೆ ಋಣಿ. ತಂದದ್ದನ್ನು ಮಾತ್ರ ಸ್ವೀಕರಿಸಲಾರೆ. ತಾವು ತಂದಿರುವುದು ಅನುಕಂಪ. ಅದು ಸೋತವರ ಕೈಗೆ ಕೊಡುವ ಸಮಾಧಾನದ ಬಹುಮಾನ. ನನ್ನ ಮಗಳು ಸೋತಿಲ್ಲ. ಅವಳ ವಾದ ಮುಗಿಯುವ ಮೊದಲೇ ಗಂಟೆ ಬಾರಿಸಲಾಯಿತು, ಅಷ್ಟೆ. ನನ್ನ ತಕರಾರು ಗಂಟೆ ಬಾರಿಸಿದವನ ಮೇಲೆ, ತಮ್ಮ ಮೇಲಲ್ಲ. ಆದ್ದರಿಂದ ತಮ್ಮ ಅನುಕಂಪವನ್ನು ತಂದ ಹಾಗೆಯೇ ಮನೆಗೆ ಒಯ್ಯಬೇಕೆಂದು ಕೋರುತ್ತೇನೆ.”

ಮಗಳು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದವರು ಇಂದು ಕರೆದಿದ್ದ ಸಂತಾಪ ಸಭೆಯಲ್ಲಿ ನಾನು ಆಡಿದ್ದು ಇಷ್ಟು. ಕಾಗದ ನೋಡಲಿಲ್ಲ. ದನಿ ಎಲ್ಲಿಯೂ ಒಡೆಯಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ಮೌನ ಬಿದ್ದರೆ ಬಹುಮಾನದ ಫಲಕ ನಮ್ಮದೇ ಎಂದು ತಿಳಿಯುತ್ತಿದ್ದೆವು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಅಳುತ್ತಿದ್ದಳು. ಅಳು ಉತ್ತರವಾಗುವುದಿಲ್ಲ ಎಂದು ಹಿಂದಿರುಗುವ ದಾರಿಯಲ್ಲಿ ಹೇಳಿದೆ. “ನನ್ನನ್ನ ಯಾರು ಪ್ರಶ್ನೆ ಕೇಳಿದ್ರು ಉತ್ತರ ಕೊಡೋಕೆ?” ಎಂದಳು.

ಈ ಪುಸ್ತಕ ಭೂಮಾಪನ ಇಲಾಖೆಯದು. ಮೂವತ್ತನಾಲ್ಕು ವರ್ಷ ನೆಲ ಅಳೆದು ನಿವೃತ್ತನಾದವನ ಬಳಿ ಉಳಿದುಕೊಂಡ ಒಂದು ಖಾಲಿ ಪುಸ್ತಕ. ಇದರಲ್ಲಿ ಅಳತೆ ಬಿಟ್ಟು ಬೇರೇನನ್ನೂ ಬರೆಯುವುದು ನಿಯಮವಲ್ಲ. ಆದರೆ ವಾದಿಗೆ ಎದುರಾಳಿ ಬೇಕು. ಇಪ್ಪತ್ತೈದು ವರ್ಷ ಊಟದ ಮೇಜಿನ ಆಚೆಬದಿಯ ಕುರ್ಚಿಯಲ್ಲಿ ಕುಳಿತಿದ್ದ ಎದುರಾಳಿ ಹದಿನೇಳು ದಿನಗಳಿಂದ ಇಲ್ಲ. ಇನ್ನು ಈ ಹಾಳೆಗಳೇ ಗತಿ.

ನಮ್ಮ ಕೊನೆಯ ವಾದವನ್ನು ದಾಖಲಿಸುವುದು ನ್ಯಾಯ. ವಿಷಯ: ಇಲಿಗಳ ನೆನಪಿನ ಮೇಲೆ ಮಗಳು ನಡೆಸುತ್ತಿದ್ದ ಪ್ರಯೋಗ. ಬಿಳಿ ಬಣ್ಣ ಕದಡಿದ ನೀರಿನ ಒಂದು ದುಂಡು ತೊಟ್ಟಿ. ನೀರಿನ ಮಟ್ಟದಿಂದ ಬೆರಳಗಲ ಕೆಳಗೆ, ಕಣ್ಣಿಗೆ ಕಾಣದ ಒಂದು ಪುಟ್ಟ ಕಟ್ಟೆ. ತೊಟ್ಟಿಯ ಸುತ್ತ ಪರದೆ. ಪರದೆಯ ಒಳಮೈಯಲ್ಲಿ ವೃತ್ತ, ತ್ರಿಕೋನ, ಪಟ್ಟೆ, ಕೂಡುವ ಚಿಹ್ನೆ ಎಂದು ನಾಲ್ಕು ಗುರುತುಗಳು. ಇಲಿ ಈಜಿ ಈಜಿ, ಆ ಗುರುತುಗಳ ಆಧಾರದ ಮೇಲೆ ಕಟ್ಟೆಯ ಜಾಗವನ್ನು ಕಲಿಯುತ್ತದೆ. ಕಲಿತ ಮೇಲೆ ಮೂರು ಗುರುತು ತೆಗೆದು ಒಂದನ್ನೇ ಉಳಿಸಿದರೂ ಸಾಮಾನ್ಯ ಇಲಿ ಆ ಜಾಗಕ್ಕೇ ಬರುತ್ತದೆ. ಆದರೆ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುವಂತೆ ಹುಟ್ಟಿದ ಇಲಿಗಳೂ ಉಂಟು. ನಾಲ್ಕೂ ಗುರುತಿದ್ದರೆ ಅವೂ ಸರಿಯಾಗಿ ಬರುತ್ತವೆ. ಒಂದೇ ಉಳಿದರೆ ದಿಕ್ಕು ತಪ್ಪುತ್ತವೆ. ಮಗಳ ವಾದ: ಅವು ಮರೆತಿಲ್ಲ. ನೆನಪು ಒಳಗೇ ಇದೆ. ತುಣುಕೊಂದರಿಂದ ಇಡೀ ನೆನಪನ್ನು ಎಬ್ಬಿಸುವ ಹದ ಮಾತ್ರ ಕೆಟ್ಟಿದೆ. ಹದ ಸರಿಪಡಿಸಿದರೆ ನೆನಪು ತಾನಾಗಿ ಎದ್ದು ಬರುತ್ತದೆ. ನನ್ನ ಪ್ರತಿವಾದ: ಕೂಗಿದಾಗ ಹಾಜರಾಗದವನು ಸಾಕ್ಷಿಯಲ್ಲ, ಕರೆದಾಗ ಬಾರದ್ದು ನೆನಪೂ ಅಲ್ಲ.

“ಅಪ್ಪ, ಮೂರು ಗಡಿಕಲ್ಲು ಕಿತ್ತುಹೋದ ಹೊಲಾನ ಉಳಿದ ಒಂದೇ ಕಲ್ಲಿಂದ ಎಬ್ಬಿಸಿ ಕೊಡ್ತಿದ್ದೋರು ನೀವು. ಕಲ್ಲು ಹೋಯ್ತು ಅಂತ ಹೊಲಾನೂ ಹೋಯ್ತಾ?”

ನನ್ನ ಕೈಯಲ್ಲಿ ನಕ್ಷೆ ಇರುತ್ತಿತ್ತು ಎಂದೆ.

“ಅವುಗಳ ತಲೇಲೂ ಇದೆ. ಬಿಚ್ಚಿ ನೋಡೋಕೆ ಆಗ್ತಿಲ್ಲ. ಪುರಾವೆ ತರ್ತೀನಿ. ತಂದ ದಿನ ನೀವು ನಾಲ್ಕು ಜನರ ಎದುರು ಎದ್ದು ನಿಂತು ‘ಸೋತೆ’ ಅನ್ನಬೇಕು. ಗೊಣಗಿದ್ರೆ ಆಗಲ್ಲ, ಹಿಂದಿನ ಸಾಲಿಗೂ ಕೇಳಿಸಬೇಕು.”

“ತಾ, ನೋಡೋಣ” ಎಂದು ಎದ್ದು ಕೈ ತೊಳೆದೆ. ಇಪ್ಪತ್ತೈದು ವರ್ಷಗಳಲ್ಲಿ ಅವಳನ್ನು ಒಮ್ಮೆಯೂ ಗೆಲ್ಲಲು ಬಿಟ್ಟವನಲ್ಲ. ಅವಳಿಗೆ ಎಂಟು ವರ್ಷವಾಗಿದ್ದಾಗಲೂ ಬಿಟ್ಟಿರಲಿಲ್ಲ. ದಾನವಾಗಿ ಬಂದ ಗೆಲುವು ಮಕ್ಕಳನ್ನು ಹಾಳು ಮಾಡುತ್ತದೆಂಬುದು ನನ್ನ ಸಿದ್ಧಾಂತ. ಆ ವಾರವೇ ಜ್ವರ ಬಂತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ.

ಇನ್ನೊಂದು ಸಂಗತಿಯೂ ದಾಖಲಾಗಲಿ. ಕಣ್ಣು ಮುಚ್ಚಿದರೆ ಆ ಹನ್ನೊಂದು ದಿನಗಳ ಮುಖ ಬಿಟ್ಟು ಅವಳ ಬೇರೆ ಯಾವ ಮುಖವೂ ನನಗೆ ಕಾಣುತ್ತಿಲ್ಲ. ಮೂವತ್ತೊಂದು ವರ್ಷದ್ದು ಎಲ್ಲಿ ಹೋಯಿತೋ. ಫೋಟೋಗಳಿವೆ. ಫೋಟೋ ದಾಖಲೆಯೇ ಹೊರತು ನೆನಪಲ್ಲ.

ಜೂನ್ ೧೦, ಸೋಮವಾರ

ಅವಳ ವಸ್ತುಗಳನ್ನು ತರಲು ಪ್ರಯೋಗಾಲಯಕ್ಕೆ ಹೋಗಿದ್ದೆ. ಮೇಜಿನ ಮೇಲಿದ್ದದ್ದು, ಕಪಾಟಿನ ಒಂದು ಖಾನೆಯಲ್ಲಿದ್ದದ್ದು, ಹಿಡಿ ಮುರಿದ ಬಟ್ಟಲಿನಲ್ಲಿ ಪೆನ್ಸಿಲುಗಳು. ಎಲ್ಲ ಒಂದೇ ರಟ್ಟಿನ ಪೆಟ್ಟಿಗೆಗೆ ಹಿಡಿಸಿತು.

ವಿಭಾಗದ ಮುಖ್ಯಸ್ಥೆಯಾದ ಪ್ರಾಧ್ಯಾಪಕಿ ಕೊಠಡಿಯ ಬಾಗಿಲು ಮುಚ್ಚಿ ವಿಷಯ ಹೇಳಿದರು. ಮಗಳ ಪ್ರಬಂಧ ಬಹುತೇಕ ಸಿದ್ಧ. ಇಲಿಗಳ ಮೊದಲ ಎರಡು ತಂಡಗಳು ಅವಳ ವಾದವನ್ನು ಎತ್ತಿಹಿಡಿದಿವೆ. ಮೂರನೆಯ ತಂಡಕ್ಕೆ ಅವಳು ಆಸ್ಪತ್ರೆಯಲ್ಲಿದ್ದಾಗ ಅವಳ ಕಿರಿಯ ಸಹಾಯಕಿ ತರಬೇತಿ ಕೊಟ್ಟಳು. ಮಗಳು ಹೋದ ಮರುವಾರ ಪರೀಕ್ಷೆ ನಡೆಯಿತು. ಆ ತಂಡದಲ್ಲಿ ಹದ ತಪ್ಪಿದ ಇಲಿಗಳೂ ಒಂದೇ ಗುರುತಿನಿಂದ ನೆಟ್ಟಗೆ ಕಟ್ಟೆಯ ಜಾಗಕ್ಕೆ ಬಂದಿವೆ. ಅಂದರೆ ವಾದ ಬಿದ್ದಿದೆ.

“ಆ ದಿನಗಳಲ್ಲಿ ಇಲ್ಲಿ ಯಾರಿಗೂ ಮೈಮೇಲೆ ಪ್ರಜ್ಞೆ ಇರಲಿಲ್ಲ” ಎಂದರು ಅವರು. “ಆ ತಂಡವನ್ನ ಬಿಟ್ಟುಬಿಡೋಣ ಅಂತಿದೀನಿ. ಅವಳ ಹೆಸರಲ್ಲಿ ಪ್ರಬಂಧ ಹೊರಗೆ ಬರ್ಲಿ. ನಾವು ಅವಳಿಗೆ ಮಾಡಬಹುದಾದ್ದು ಇಷ್ಟೇ ತಾನೆ?”

ನಾನು ಕೇಳಿದೆ: ಅದೇ ತಂಡ ಅವಳ ಪರವಾಗಿ ಸಾಕ್ಷಿ ನುಡಿದಿದ್ದರೆ, ಪ್ರಜ್ಞೆ ಇರಲಿಲ್ಲವೆಂಬ ಕಾರಣಕ್ಕೆ ಬಿಡುತ್ತಿದ್ದಿರಾ? ಅವರು ಕನ್ನಡಕ ತೆಗೆದು ಒರೆಸಿದರು. ನನ್ನ ಮಗಳಿಗೆ ಕೃಪಾಂಕ ಬೇಡ ಎಂದೆ. ಹಾಗಾದರೆ ವಾದವನ್ನೇ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ, ನಾಲ್ಕು ವರ್ಷದ ಕೆಲಸ ನೀರಿಗೆ ಹೋಗುತ್ತದೆ, ಜುಲೈ ಹದಿನೈದಕ್ಕೆ ತೊಟ್ಟಿಯ ಕೊಠಡಿ ಬೇರೆ ತಂಡದ ಪಾಲಾಗುತ್ತದೆ, ಇದಕ್ಕೆಲ್ಲ ಸಿದ್ಧವೇ ಎಂದು ಕೇಳಿದರು. ಸಿದ್ಧ ಎಂದೆ.

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು: ಕೊನೆಯ ವಾದದಲ್ಲೂ ಗೆದ್ದವನು ನಾನೇ. ಪ್ರತಿವಾದಿ ಗೈರುಹಾಜರು, ತೀರ್ಪು ನನ್ನ ಪರ. ಇಷ್ಟು ಕೆಟ್ಟ ಗೆಲುವು ನನ್ನ ಪಾಲಿಗೆ ಹಿಂದೆಂದೂ ಬಂದಿರಲಿಲ್ಲ.

ಜೂನ್ ೧೧, ಮಂಗಳವಾರ

ಬರೆಯುವಂಥದ್ದೇನಿಲ್ಲ. ಊಟದ ಮೇಜಿನಲ್ಲಿ ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದೇನೆ. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆ.

ಜೂನ್ ೧೩, ಗುರುವಾರ

ಪ್ರಾಧ್ಯಾಪಕಿಗೆ ಕೊಟ್ಟ ಉತ್ತರವನ್ನು ಹೆಂಡತಿಗೆ ತಿಳಿಸಿದೆ. ಬಟಾಣಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು. ನಮ್ಮ ಮದುವೆಯಾಗಿ ಮೂವತ್ತೈದು ವರ್ಷವಾಯಿತು. ಮೇಜಿನ ಚರ್ಚೆಗಳಲ್ಲಿ ಅವಳು ಎಂದೂ ಯಾವ ಪಕ್ಷವನ್ನೂ ಹಿಡಿದವಳಲ್ಲ.

“ರೀ, ಯಾರ್ದೋ ಹೊಲದ ತಂಟೆಗೆ ಮೂರು ಮೂರು ಸಲ ಹೋಗಿ ಅಳೆದು ಬರ್ತಿದ್ರಿ. ಇದು ನಮ್ಮ ಮಗಳ ಹೊಲ. ಒಂದು ಸಲಾನೂ ಕಾಲಿಟ್ಟು ನೋಡದೆ ತೀರ್ಪು ಕೊಟ್ಟು ಬಂದ್ರಾ?”

ಇದು ಕ್ರಮಲೋಪದ ಆಕ್ಷೇಪ. ಎತ್ತಿದವರು ಯಾರೇ ಆಗಿರಲಿ, ಕ್ರಮಲೋಪದ ಆಕ್ಷೇಪವನ್ನು ಮೊದಲು ಇತ್ಯರ್ಥ ಮಾಡಬೇಕು. ಪ್ರಾಧ್ಯಾಪಕಿಗೆ ಫೋನ್ ಮಾಡಿ ಮೂರನೆಯ ತಂಡದ ದಾಖಲೆ ಕೇಳಿದೆ. ತೊಟ್ಟಿಯ ಮೇಲಿನ ಕ್ಯಾಮೆರಾ ಪ್ರತಿಯೊಂದು ಇಲಿಯ ಈಜಿನ ಹಾದಿಯನ್ನು ಗೆರೆಯಾಗಿ ಬರೆದಿಡುತ್ತದಂತೆ. ಪರೀಕ್ಷೆಯ ದಿನ ಕಟ್ಟೆಯನ್ನೇ ತೆಗೆದುಬಿಡುತ್ತಾರೆ. ಅರವತ್ತು ಸೆಕೆಂಡು ಇಲಿ ಬರಿಯ ನೀರಿನಲ್ಲಿ ಎಲ್ಲಿ ಹುಡುಕುತ್ತದೆ ಎಂಬುದೇ ಅದರ ಸಾಕ್ಷ್ಯ.

ಜೂನ್ ೧೪, ಶುಕ್ರವಾರ

ಹದ ತಪ್ಪಿದ ಇಲಿಗಳು ಹನ್ನೆರಡು. ಹನ್ನೆರಡು ಹಾಳೆ, ಹನ್ನೆರಡು ಹಾದಿ; ಯಾವುದು ಯಾವ ಇಲಿಯದೆಂದು ಹಾಳೆಯಲ್ಲಿಲ್ಲ. ನೋಡಿದವರಿಗೆ ಸಿಕ್ಕುಬಿದ್ದ ನೂಲು. ಆದರೆ ನೆಲ ಅಳೆದವನು ಗಮನಿಸುವುದು ನಡೆದವನ ಮೊದಲ ಹೆಜ್ಜೆಗಳನ್ನು. ಕಳೆದ ಕಲ್ಲನ್ನು ಹುಡುಕುವವನು ಮೊದಲು ಉಳಿದ ಕಲ್ಲಿನತ್ತ ಹೋಗುತ್ತಾನೆ, ಅಲ್ಲಿಂದ ತಿರುಗುತ್ತಾನೆ.

ಪ್ರತಿ ಹಾದಿಯ ಮೊದಲ ನೇರ ತುಂಡಿಗೆ ಅಡಿಪಟ್ಟಿ ಇಟ್ಟು ಗೆರೆಯನ್ನು ತೊಟ್ಟಿಯ ಆಚೆಗೂ ಎಳೆದೆ. ಪರೀಕ್ಷೆಯಲ್ಲಿ ಉಳಿಸಿದ್ದ ಒಂದೇ ಗುರುತು ವೃತ್ತ. ಗೆರೆಗಳು ಅಲ್ಲಿ ಕೂಡಬೇಕಿತ್ತು. ಕೂಡಲಿಲ್ಲ. ಹನ್ನೆರಡರಲ್ಲಿ ಒಂಬತ್ತು ಗೆರೆಗಳು ವೃತ್ತದ ಎಡಕ್ಕೆ ಮೂರು ಅಡಿ ದೂರದ ಒಂದೇ ಬಿಂದುವಿನಲ್ಲಿ ಸೇರುತ್ತಿವೆ. ಹಾಳೆಗಳ ಜೊತೆ ಬಂದ ತೊಟ್ಟಿಯ ನಕ್ಷೆಯ ಪ್ರಕಾರ ಅಲ್ಲಿ ಏನೂ ಇಲ್ಲ.

ಮೂರು ಸಲ ಎಳೆದೆ. ನಕ್ಷೆಯಲ್ಲಿಲ್ಲದ ಒಂದು ಕಲ್ಲು ಅಲ್ಲಿ ಇದ್ದೇ ಇದೆ.

ಜೂನ್ ೧೫, ಶನಿವಾರ

ಬೆಳಿಗ್ಗೆ ಒಂಬತ್ತಕ್ಕೇ ಪ್ರಯೋಗಾಲಯಕ್ಕೆ ಹೋದೆ. ಇಬ್ಬರಿದ್ದರು. ಒಬ್ಬಳು ಆ ಕಿರಿಯ ಸಹಾಯಕಿ. ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲವಾದ್ದರಿಂದ ಮಗಳು ಅವಳಿಗೆ ‘ಪಿಸು’ ಎಂದು ಹೆಸರಿಟ್ಟಿದ್ದಳಂತೆ. ಇನ್ನೊಬ್ಬರು ಇಲಿಗಳ ಪಾಲಕರು, ನನ್ನ ವಯಸ್ಸಿನವರೇ. ಇಡೀ ವಿಭಾಗ ಅವರನ್ನು ‘ಇಲಿಮಾವ’ ಎನ್ನುತ್ತದೆ. ಅದೂ ಮಗಳದೇ ಕಿತಾಪತಿ.

ಹಾಳೆಯನ್ನು ಕೈಯಲ್ಲಿ ಹಿಡಿದು ಪರದೆ ಸರಿಸಿ ಒಳಹೊಕ್ಕೆ. ಬಿಂದು ಇದ್ದ ಜಾಗದಲ್ಲಿ, ಪರದೆಯ ಒಳಗೆ, ಒಂದು ಕೊಕ್ಕೆ. ಕೊಕ್ಕೆಯಲ್ಲಿ ಮಗಳ ಕಡುನೀಲಿ ಕೋಟು. ಎಡಗೈಯ ಗುಂಡಿ ಮಾತ್ರ ಕಂದು. ನೀಲಿಯದು ಸಿಗದೆ ಅವಳ ತಾಯಿ ಹೊಲಿದುಕೊಟ್ಟದ್ದು.

ನಾಲ್ಕು ಗುರುತುಗಳನ್ನು ಒಟ್ಟಿಗೆ ಸೇರಿಸಿದರೂ ಆ ಕೋಟಿನಷ್ಟು ದೊಡ್ಡದಾಗುತ್ತಿರಲಿಲ್ಲ.

ಇದನ್ನು ಯಾರು ಇಲ್ಲಿ ಹಾಕಿದರು ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಹೆಚ್ಚಾಗಿತ್ತೆಂದು ಕಾಣುತ್ತದೆ. ಪಿಸು ಗೋಡೆಗೆ ಒರಗಿದಳು. ಇಲಿಮಾವನವರು ಮುಂದೆ ಬಂದರು.

“ನಾನೇ ಯಜಮಾನ್ರೇ. ಮೊದಲು ಹೊರಗಿನ ಕೊಕ್ಕೇಲಿ ಇರ್ತಿತ್ತು. ಮಗು ಆಸ್ಪತ್ರೆ ಸೇರಿದ ದಿನ, ಇಲಿಗಳು ಹೊಸ ಕೈ ಅಂತ ಹೆದರ್ತಾವೆ, ಅವಳ ವಾಸನೆನಾದ್ರೂ ಇರ್ಲಿ ಅಂತ ಒಳಗೆ ತಂದೆ. ಆಮೇಲೆ…” ಅವರು ಕೈ ನೋಡಿಕೊಂಡರು. “ಆಮೇಲೆ ತೆಗೆಯೋಕೆ ಕೈ ಬರಲಿಲ್ಲ.”

ಪಿಸು ದಿನವೂ ಅದನ್ನು ನೋಡುತ್ತಿದ್ದಳಂತೆ. ಪರೀಕ್ಷೆಯ ದಿನ ಮೂರು ಗುರುತುಗಳನ್ನು ಲೆಕ್ಕ ಮಾಡಿ ತೆಗೆದಳಂತೆ. ಕೋಟು ಗುರುತೆಂದು ಅವಳಿಗೆ ಹೊಳೆಯಲೇ ಇಲ್ಲವಂತೆ. ಅದು ಅಕ್ಕ ಅಲ್ಲವೇ ಎಂದಳು.

ವಿಷಯ ಸ್ಪಷ್ಟ. ಮೂರನೆಯ ತಂಡ ಕಲಿತದ್ದೂ ಕೋಟಿನ ಎದುರು, ಪರೀಕ್ಷೆ ಬರೆದದ್ದೂ ಕೋಟಿನ ಎದುರು. ಒಂದೇ ಗುರುತು ಉಳಿದಿದೆ ಎಂದು ನಾವು ತಿಳಿದಿದ್ದೆವು. ಎಲ್ಲಕ್ಕಿಂತ ದೊಡ್ಡ ಗುರುತು ಅಲ್ಲೇ ತೂಗುತ್ತಿತ್ತು.

ತೆಗೆಯಿರಿ ಎಂದೆ. ಇಬ್ಬರೂ ಅಲುಗಲಿಲ್ಲ. ನಾನೇ ತೆಗೆದೆ. ಬಲಜೇಬು ಭಾರವಾಗಿತ್ತು. ಕೈ ಹಾಕಿದರೆ ನನ್ನ ಉಕ್ಕಿನ ಅಳತೆಪಟ್ಟಿ. ನಾಲ್ಕು ವರ್ಷದಿಂದ ಮನೆಯಲ್ಲಿ ಹುಡುಕಿದ್ದೇನೆ. ಹೆಂಡತಿಯ ಮೇಲೆ ಅನುಮಾನಪಟ್ಟಿದ್ದೇನೆ. ಪರದೆಯ ಮೇಲೆ ಗುರುತುಗಳನ್ನು ಸಮದೂರದಲ್ಲಿ ಹಾಕಲು ಕದ್ದಿದ್ದಾಳೆ.

“ಕಳ್ಳಿ” ಎಂದೆನಂತೆ. ಪಿಸುವಿಗೆ ನಗು ಬಂತು. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. ಹೊರಬರುವಾಗ ಇಲಿಮಾವನವರು ನನ್ನ ಕೈ ಹಿಡಿದಿದ್ದರು. ಬಿಡಿಸಿಕೊಳ್ಳಲಿಲ್ಲ. ನೆಲ ಒದ್ದೆಯಿತ್ತು, ಜಾರಿದರೆ ಕಷ್ಟ.

ಜೂನ್ ೧೭, ಸೋಮವಾರ

ಪ್ರಾಧ್ಯಾಪಕಿ ಹಾಳೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇನ್ನು ಈ ತಂಡವನ್ನು ಬಿಡಲು ಸಕಾರಣ ಸಿಕ್ಕಿತು ಎಂದರು. ನಾನು ಒಪ್ಪಲಿಲ್ಲ. ಎದುರಾಳಿಯ ಬಾಯಲ್ಲಿ ಬರಬಹುದಾದ ಅತ್ಯಂತ ಗಟ್ಟಿ ಮಾತನ್ನು ಅವನಿಗಿಂತ ಮೊದಲು ನಾವೇ ಆಡಬೇಕೆಂಬುದು ಚರ್ಚೆಯ ಮೊದಲ ಪಾಠ. ಎದುರಾಳಿ ಹೇಳುತ್ತಾನೆ: ಸೋತ ಮೇಲೆ ಕೋಟಿನ ಕಥೆ ಕಟ್ಟಿದ್ದೀರಿ. ಅವನಿಗೆ ಉತ್ತರ ನೀರಿನಲ್ಲೇ ಸಿಗಬೇಕು.

ಕ್ರಮ ಹೀಗೆಂದು ನಿರ್ಧಾರವಾಯಿತು. ಅವೇ ಇಲಿಗಳು: ಹದ ತಪ್ಪಿದವು ಹನ್ನೆರಡು, ಸಾಮಾನ್ಯದವು ಹನ್ನೆರಡು. ಮೊದಲು ಎರಡು ವಾರ ನಾಲ್ಕು ಗುರುತು ಮತ್ತು ಕೋಟಿನ ಎದುರು ಪಾಠ. ಆಮೇಲೆ ಮೂರು ಪರೀಕ್ಷೆ. ಒಂದು, ಎಲ್ಲ ಗುರುತುಗಳೂ ಇದ್ದಂತೆ. ನೆನಪು ಇದೆಯೆಂದು ತೋರಿಸಲು. ಎರಡು, ಕೋಟೂ ಇಲ್ಲದೆ, ವೃತ್ತ ಒಂದೇ. ಮೂರು, ಅದೇ ವೃತ್ತ ಒಂದೇ, ಆದರೆ ಡೋಪಮೈನಿನ ಪ್ರಭಾವವನ್ನು ಹದಕ್ಕೆ ತರುವ ಔಷಧ ಕೊಟ್ಟು. ಎರಡನೆಯದರಲ್ಲಿ ದಾರಿ ತಪ್ಪಿದ ಇಲಿಗಳು ಮೂರನೆಯದರಲ್ಲಿ ದಾರಿ ಕಂಡರೆ ಮಗಳು ಗೆದ್ದಂತೆ. ಇಲ್ಲವಾದರೆ ಇಲ್ಲ. ಯಾವ ಇಲಿ ಯಾವ ಬಗೆಯದೆಂಬ ಪಟ್ಟಿ ಮುಚ್ಚಿದ ಲಕೋಟೆಯಲ್ಲಿ ಪ್ರಾಧ್ಯಾಪಕಿಯ ಬಳಿ. ಇಲಿಯನ್ನು ನೀರಿಗೆ ಬಿಡುವವಳಿಗೂ ತಿಳಿದಿರಬಾರದು, ಹೊರಗೆ ಕುಳಿತು ತೆರೆಯ ಮೇಲೆ ಸಮಯ ನೋಡುವವನಿಗೂ ತಿಳಿದಿರಬಾರದು. ಸಮಯಪಾಲಕ ನಾನು.

ನಕ್ಷೆಯಲ್ಲಿ ನನ್ನ ಕೈಯಾರೆ ಬರೆದೆ: ‘ಐದನೆಯ ಗುರುತು: ಕೋಟು.’ ಇಲಿಮಾವನವರು ಅದನ್ನು ಮತ್ತೆ ಕೊಕ್ಕೆಗೆ ಹಾಕಿದರು. ಈ ಸಲ ಅಧಿಕೃತವಾಗಿ.

ಜೂನ್ ೨೬, ಬುಧವಾರ

ದಿನವೂ ಹೋಗುತ್ತಿದ್ದೇನೆ. ಸಂಖ್ಯೆಯ ಜೊತೆಗೆ ಇಲಿಗಳಿಗೆ ಹೆಸರುಗಳೂ ಇವೆಯೆಂದು ಇಂದು ತಿಳಿಯಿತು. ಗೋಡೆ ಹಿಡಿದು ಸುತ್ತುತ್ತ ಯಾವ ನಿರ್ಧಾರಕ್ಕೂ ಬಾರದ್ದು ‘ಅಧ್ಯಕ್ಷರು’. ಏಳನೆಯ ಸಂಖ್ಯೆಯದು ಕಟ್ಟೆ ಸಿಕ್ಕು ಹತ್ತಿ ಕುಳಿತ ಮೇಲೂ ಒಪ್ಪದೆ ಮತ್ತೆ ನೀರಿಗೆ ಹಾರಿ ಇನ್ನೊಂದು ಸುತ್ತು ಹುಡುಕುತ್ತದೆ. ಅದರ ಹೆಸರೇನೆಂದು ಕೇಳಿದರೆ ಪಿಸು ಕಿವಿ ಕೆಂಪಾಗಿಸಿಕೊಂಡು ಟವೆಲು ಮಡಚತೊಡಗಿದಳು. ಇಲಿಮಾವನವರೇ ಹೇಳಬೇಕಾಯಿತು.

“ಅದು ‘ಅಪ್ಪ’, ಯಜಮಾನ್ರೇ. ಅದು ಮರಿಯಾಗಿದ್ದಾಗ ಮಗೂನೇ ಇಟ್ಟಿದ್ದು. ಗೆದ್ರೂ ಇಳಿದು ಬಂದು ವಾದ ಮಾಡೋ ಗುಣ ಆಗಲೇ ಇತ್ತು ಅದಕ್ಕೆ.”

ಮಾನಹಾನಿ ಎನ್ನಬಹುದು. ಮನೆಗೆ ಬಂದು ಹೆಂಡತಿಗೆ ವರದಿ ಮಾಡಿದೆ. ನಕ್ಕಳು, ನಗುವು ಅಳುವಾಗುವ ಮೊದಲೇ ನನ್ನ ಮುಂದೆ ಬಟಾಣಿಯ ಬುಟ್ಟಿ ತಳ್ಳಿದಳು. ಇಬ್ಬರೂ ಸುಲಿದೆವು. ಈಗ ಊಟಕ್ಕೆ ಅವಳು ಮೇಜಿನ ಆಚೆಬದಿಯ ಕುರ್ಚಿಯಲ್ಲಿ ಕೂರುತ್ತಾಳೆ. ಉಪ್ಪು ಅಲ್ಲಿಂದ ಕೈಗೆ ಹತ್ತಿರ. ನನ್ನ ಕುರ್ಚಿಯನ್ನೂ ಮೊದಲಿನಂತೆ ತಿರುಗಿಸಿದೆ; ಗೋಡೆಯ ಸುಣ್ಣ ಬಟ್ಟೆಗೆ ಹತ್ತುತ್ತಿತ್ತು.

ಜುಲೈ ೨, ಮಂಗಳವಾರ

ಮೊದಲ ಪರೀಕ್ಷೆ. ಐದೂ ಗುರುತು. ಇಪ್ಪತ್ನಾಲ್ಕು ಇಲಿಗಳಲ್ಲಿ ಇಪ್ಪತ್ತೆರಡು ನೆಟ್ಟಗೆ ಬಂದವು. ನೆನಪು ಇದೆ. ಇದನ್ನು ಎದುರಾಳಿಯೂ ಒಪ್ಪಬೇಕು.

ಜುಲೈ ೫, ಶುಕ್ರವಾರ

ಎರಡನೆಯ ಪರೀಕ್ಷೆ. ಕೋಟನ್ನು ಕೊಕ್ಕೆಯಿಂದ ಇಳಿಸಿ ಮಡಚಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಹೊರಗೆ ಇಡಲು ಶುಚಿಯಾದ ಜಾಗ ಬೇರೆ ಇರಲಿಲ್ಲ.

ಕೆಲವು ಇಲಿಗಳು ವೃತ್ತವನ್ನು ನೋಡಿ ಒಂದು ಕ್ಷಣ ತಡೆದು, ತಿರುಗಿ, ಜಾಗಕ್ಕೆ ಹೋಗಿ ಅಲ್ಲಿಯೇ ಗಿರಕಿ ಹೊಡೆದವು. ಕೆಲವು ಗೋಡೆಗೆ ಮೈ ಉಜ್ಜುತ್ತ ಸುತ್ತಿದವು. ಏಳನೆಯದು ನಡುನೀರಿಗೆ ಬಂದು ಕತ್ತೆತ್ತಿತು. ಕೋಟು ಇದ್ದ ಕಡೆ ನೋಡಿತು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಸುತ್ತಿತು. ಅರವತ್ತು ಸೆಕೆಂಡು ಇಷ್ಟು ಉದ್ದವೆಂದು ಐದು ನಿಮಿಷದ ಭಾಷಣಗಳನ್ನು ಮಾಡುತ್ತಿದ್ದಾಗ ನನಗೆ ತಿಳಿದಿರಲಿಲ್ಲ. ಗಂಟೆ ಬಾರಿಸುವುದು ನನ್ನ ಕೆಲಸ. ಬಾರಿಸಿದೆ. ಪಿಸು ಅದನ್ನು ಟವೆಲಿನಲ್ಲಿ ಎತ್ತಿಕೊಂಡಳು.

ಲಕೋಟೆ ಮೂರನೆಯ ಪರೀಕ್ಷೆಯ ನಂತರ ತೆರೆಯುತ್ತದೆ.

ಜುಲೈ ೬, ಶನಿವಾರ

ಅಳತೆಪಟ್ಟಿಗೆ ಎಣ್ಣೆ ಹಾಕಿದೆ. ಗುಂಡಿ ಒತ್ತಿದಾಗ ಸರ್‌ರೆಂದು ಒಳಗೆ ಓಡಿ ಟಕ್ಕೆಂದು ನಿಂತಿತು. ಆ ಟಕ್ಕಿಗೆ, ಎಲ್ಲಿಂದಲೋ, ಒಂದು ಖಾಲಿ ಮೈದಾನ. ಅವಳಿಗೆ ಆರು ವರ್ಷ. ರಜೆಯ ದಿನ, ಮನೆಯಲ್ಲಿ ಯಾರೂ ಇಲ್ಲವೆಂದು ಕೆಲಸಕ್ಕೆ ಕರೆದೊಯ್ದಿದ್ದೆ. ಪಟ್ಟಿಯ ಇನ್ನೊಂದು ತುದಿ ಅವಳ ಕೈಯಲ್ಲಿ. ಹಳದಿ ಕಾಲುಚೀಲ, ಒಂದು ಜಾರಿದೆ. ಮುಂದಿನ ಹಲ್ಲಿಲ್ಲ. “ಅಪ್ಪ, ಬಿಡ್ಲಾ?” ಬೇಡ, ಬಿಟ್ಟರೆ ನನ್ನ ಕೈ ಕುಯ್ಯುತ್ತದೆ ಎಂದೆ. “ಹಾಗಾದ್ರೆ ನೀವು ‘ದಯವಿಟ್ಟು’ ಅನ್ನಿ.” ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಳು. ಹಣೆಯ ಮೇಲೆ ಮಣ್ಣಿನ ಗೆರೆ. ಅಲ್ಲಿಂದ ಹಿಂದಿರುಗುವಾಗ ನನ್ನ ಹೆಗಲ ಮೇಲೆಯೇ ನಿದ್ದೆ ಹೋದದ್ದು, ಎಡಗಿವಿಗೆ ತಾಗುತ್ತಿದ್ದ ಉಸಿರು, ಮನೆಯ ಬಾಗಿಲಲ್ಲಿ ಎಚ್ಚರವಾಗಿ “ನಾನು ನಡೆದೇ ಬಂದೆ ಅಲ್ವಾ” ಎಂದು ತಾಯಿಗೆ ಸಾಧಿಸಿದ್ದು. ಅಂದು ‘ದಯವಿಟ್ಟು’ ಅಂದಿದ್ದೆ. ಅಂದರೆ ಒಮ್ಮೆ ಸೋತಿದ್ದೇನೆ. ಜೂನ್ ಮೂರರ ನಮೂದಿನಲ್ಲಿ ‘ಒಮ್ಮೆಯೂ’ ಎಂದಿರುವುದನ್ನು ತಿದ್ದಿಕೊಳ್ಳತಕ್ಕದ್ದು.

ಹೆಂಡತಿಗೆ ಹೇಳಿದೆ. ಕಾಲುಚೀಲ ಹಳದಿಯಲ್ಲ, ನಿಂಬೆ ಬಣ್ಣ ಎಂದಳು. ಅರ್ಧ ಗಂಟೆ ಚರ್ಚೆಯಾಯಿತು. ಅವಳದೇ ಸರಿಯಿರಬಹುದು.

ಜುಲೈ ೯, ಮಂಗಳವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಆದರೂ ಕ್ರಮವಾಗಿಯೇ ಬರೆಯುತ್ತೇನೆ.

ಬೆಳಿಗ್ಗೆ ಔಷಧ ಕೊಟ್ಟರು. ಹತ್ತೂವರೆಗೆ ಶುರು. ತೊಟ್ಟಿಯ ಸುತ್ತ ಬರಿಯ ಪರದೆ, ಒಂದು ವೃತ್ತ. ಮೊದಲನೆಯದು ಬಂತು. ಎರಡನೆಯದು ಬಂತು. ಮೂರನೆಯದು ಕಳೆದ ಸಲ ಗೋಡೆ ಸವೆಸಿದ ‘ಅಧ್ಯಕ್ಷರು’. ಅರ್ಧ ಸುತ್ತು ಹಾಕಿ, ಏನೋ ಜ್ಞಾಪಕ ಬಂದವರಂತೆ ತಿರುಗಿ ನೆಟ್ಟಗೆ ಹೋದರು. ಇಲಿಮಾವನವರು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

ಏಳನೆಯದನ್ನು ಬಿಟ್ಟಾಗ ಹನ್ನೊಂದು ಗಂಟೆ ಎಂಟು ನಿಮಿಷ. ನೀರಿಗೆ ಬಿದ್ದ ಕಡೆಯೇ ನಿಂತು ವೃತ್ತವನ್ನು ನೋಡಿತು. ಒಂದು, ಎರಡು, ಮೂರು ಸೆಕೆಂಡು. ಆಮೇಲೆ ಹೊರಟಿತು. ಅಡಿಪಟ್ಟಿ ಇಟ್ಟು ಎಳೆದರೂ ಅಷ್ಟು ನೇರ ಬರುವುದಿಲ್ಲ. ಕಟ್ಟೆ ಇದ್ದ ಜಾಗ ತಲುಪಿ, ಕಾಲಿನಿಂದ ತಡವಿ, ಇಲ್ಲೇ ಇತ್ತು, ಇಲ್ಲೇ ಇತ್ತು ಎಂಬಂತೆ ಅಲ್ಲಿಯೇ ಸುತ್ತಿತು. ಉಳಿದೆಲ್ಲ ಗುರುತುಗಳನ್ನೂ ಕಿತ್ತುಕೊಂಡರೂ ಅದರ ತಲೆಯೊಳಗೆ ತ್ರಿಕೋನವಿತ್ತು, ಪಟ್ಟೆಯಿತ್ತು, ಕೂಡುವ ಚಿಹ್ನೆಯಿತ್ತು, ಕೊಕ್ಕೆಯಲ್ಲಿ ಕೋಟು ಇತ್ತು. ಒಂದೂ ಕಳೆದಿರಲಿಲ್ಲ. ಅರವತ್ತಾದರೂ ಗಂಟೆ ಬಾರಿಸಲು ಮರೆತೆ. ಪಿಸು ಪರದೆಯಿಂದ ತಲೆ ಹೊರಹಾಕಿ ನೆನಪಿಸಬೇಕಾಯಿತು.

ನಾಲ್ಕು ಗಂಟೆಗೆ ಪ್ರಾಧ್ಯಾಪಕಿ ಲಕೋಟೆ ತೆರೆದು ಪಟ್ಟಿಯನ್ನು ಪಿಸುವಿನ ಕೈಗೆ ಕೊಟ್ಟರು. ಗುರಿಯಿಲ್ಲದೆ ಸುತ್ತುವ ಇಲಿಯೂ ಅರವತ್ತರಲ್ಲಿ ಹದಿನೈದು ಸೆಕೆಂಡು ತೊಟ್ಟಿಯ ಕಟ್ಟೆ ಇದ್ದ ಕಾಲುಭಾಗದಲ್ಲಿ ಇರುತ್ತದೆ. ಹದ ತಪ್ಪಿದ ಹನ್ನೆರಡರ ಸರಾಸರಿ: ಎಲ್ಲ ಗುರುತಿದ್ದಾಗ ಇಪ್ಪತ್ತೊಂಬತ್ತು. ವೃತ್ತ ಒಂದೇ ಇದ್ದಾಗ ಹದಿನಾಲ್ಕು. ವೃತ್ತದ ಜೊತೆ ಔಷಧವಿದ್ದಾಗ—

“ಇಪ್ಪತ್ತೆಂಟು!” ಎಂದಳು ಪಿಸು. ಪಕ್ಕದ ಕೊಠಡಿಯವರು ಏನಾಯಿತೆಂದು ಓಡಿಬಂದರು. ಅವಳ ದನಿ ಅಷ್ಟು ದೊಡ್ಡದಿದೆಯೆಂದು ಅವಳಿಗೂ ಗೊತ್ತಿರಲಿಲ್ಲವಂತೆ. ಹದ ತಪ್ಪಿದ ಹನ್ನೆರಡರ ಪೈಕಿ ಏಳನೆಯದೂ ಒಂದು.

ಪ್ರಾಧ್ಯಾಪಕಿ ಕನ್ನಡಕ ತೆಗೆದರು, ಒರೆಸಲಿಲ್ಲ. “ಮೂರು ತಂಡದ ಫಲಿತಾಂಶಾನೂ ಹಾಕೋಣ. ಕೋಟಿನ ಸಂಗತೀನೂ ಇದ್ದದ್ದು ಇದ್ದ ಹಾಗೆ ಬರೆಯೋಣ” ಎಂದರು. ಇನ್ನು ಈ ತಂಡವನ್ನು ಯಾರೂ ಕೈಬಿಡಲಾರರು. ಮೂರನೆಯ ತಂಡ ಅವಳ ವಿರುದ್ಧದ ಸಾಕ್ಷಿಯಲ್ಲ. ಅವಳ ಪರವಾದ ಅತ್ಯಂತ ಗಟ್ಟಿ ಸಾಕ್ಷಿ.

ಬಸ್ಸಿಗೆ ಕಾಯದೆ ನಡೆದೇ ಮನೆಗೆ ಬಂದೆ. ಬಾಗಿಲು ತೆರೆದ ಹೆಂಡತಿಗೆ, ಪುಟ್ಟಿ ಗೆದ್ದಳು ಕಣೇ ಎಂದೆ. ಗಾಳಿಗೆ ಎದುರಾಗಿ ನಡೆದದ್ದರಿಂದ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳು ಸೆರಗಿನಿಂದ ಒರೆಸಿದಳು. ಗಾಳಿ ಎಲ್ಲಿದೆ ಎಂದು ಕೇಳಲಿಲ್ಲ.

ಜುಲೈ ೧೨, ಶುಕ್ರವಾರ

ಕೊಠಡಿ ಬಿಟ್ಟುಕೊಡುವ ದಿನ, ಹದಿನೈದರಂದು, ಅಭಿನಂದನಾ ಸಭೆಯಂತೆ. ಕೋಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ವಿಭಾಗದ ಬಾಗಿಲಲ್ಲಿ ಇಡಬೇಕೆಂದು ಪ್ರಾಧ್ಯಾಪಕಿಯ ಯೋಜನೆ. ಮನೆಗೆ ತರೋಣ, ಅವಳ ಕೋಣೆಯಲ್ಲಿ ಇರಲಿ ಎಂದು ಹೆಂಡತಿ. ವಿಚಾರಿಸಿ ತಿಳಿಸುತ್ತೇನೆಂದು ಇಬ್ಬರಿಗೂ ಹೇಳಿ, ಸಭೆಯವರೆಗೆ ನನ್ನ ಬಳಿ ಇರಲೆಂದು ಕೋಟನ್ನು ತೆಗೆದುಕೊಂಡು ಬಂದೆ.

ಹೊರಡುವ ಮುನ್ನ, ಅಳತೆಪಟ್ಟಿಗೆ ಎಣ್ಣೆ ಹಾಕಿದ್ದೇನೆ, ನಿಖರತೆ ನೋಡಬೇಕು ಎಂದು ಪಿಸುವನ್ನು ನಿಲ್ಲಿಸಿ ಹೆಗಲಿನಿಂದ ಮಣಿಕಟ್ಟಿನವರೆಗೆ ಅಳೆದೆ. ನಿಖರವಾಗಿದೆ.

ಜುಲೈ ೧೪, ಭಾನುವಾರ

ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಸೂಜಿಡಬ್ಬಿ ಹುಡುಕಿದೆ. ಬೆರಳಿಗೆ ಏಳು ಕಡೆ ಚುಚ್ಚಿದೆ.

ಜುಲೈ ೧೫, ಸೋಮವಾರ

ಇಂದು ಸಭೆಯಲ್ಲಿ ಆಡಿದ್ದು. ಬಾಯಿಪಾಠ ಮಾಡಿರಲಿಲ್ಲ.

“ಅಧ್ಯಕ್ಷರೇ, ಮಿತ್ರರೇ, ಒಂದೂವರೆ ತಿಂಗಳ ಹಿಂದೆ ಇದೇ ಸಭಾಂಗಣದಲ್ಲಿ, ನನ್ನ ಮಗಳ ವಾದ ಮುಗಿದಿಲ್ಲ ಎಂದಿದ್ದೆ. ಈಗ ಮುಗಿದಿದೆ. ನೆನಪು ಕರೆದಾಗ ಬಾರದಿದ್ದರೆ ಅದು ಇಲ್ಲವೆಂದೇ ಅರ್ಥ ಎಂಬುದು ನನ್ನ ಪಕ್ಷ. ಅದು ಇರುತ್ತದೆ, ಎಬ್ಬಿಸುವ ಹದ ಬೇಕು ಎಂಬುದು ಅವಳ ಪಕ್ಷ. ಪುರಾವೆ ಬಂದ ದಿನ ನಾಲ್ಕು ಜನರ ಎದುರು ಎದ್ದು ನಿಂತು ಒಂದು ಮಾತು ಹೇಳುವುದಾಗಿ ಒಪ್ಪಂದವಿತ್ತು. ಹಿಂದಿನ ಸಾಲಿಗೆ ಕೇಳಿಸುತ್ತಿದೆಯೇ? ನಾನು ಸೋತೆ. ಮತ್ತೊಮ್ಮೆ ಹೇಳುತ್ತೇನೆ, ಹೇಳಲು ಹಿತವಾಗಿದೆ: ಸೋತೆ.

ಇನ್ನು ಈ ಕೋಟು. ಇದನ್ನು ಗಾಜಿನೊಳಗೆ ಇಡಬೇಕೆಂದು ವಿಭಾಗ, ಮನೆಯಲ್ಲಿ ಇಡಬೇಕೆಂದು ನನ್ನ ಹೆಂಡತಿ. ಎರಡೂ ಪಕ್ಷಗಳನ್ನು ಕೇಳಿದ್ದೇನೆ, ಎರಡನ್ನೂ ತಳ್ಳಿಹಾಕಿದ್ದೇನೆ. ಕೊಕ್ಕೆಗೆ ತೂಗುಹಾಕಿದ ಕೋಟು ಇಲಿಗಳನ್ನೂ ಮನುಷ್ಯರನ್ನೂ ದಾರಿ ತಪ್ಪಿಸುತ್ತದೆಂಬುದು ಈ ಕಟ್ಟಡದಲ್ಲೇ ಸಾಬೀತಾಗಿದೆ. ಕೋಟು ಇರುವುದು ತೊಡಲು. ತೋಳುಗಳನ್ನು ಎರಡೂಕಾಲು ಅಂಗುಲ ಮಡಿಸಿ ಹೊಲಿದಿದ್ದೇನೆ; ಹೊಲಿಗೆ ವಕ್ರ, ಅಳತೆ ನೇರ. ಜೇಬಿನಲ್ಲಿ ನನ್ನ ಅಳತೆಪಟ್ಟಿ ಇದೆ; ಅದನ್ನು ಹಿಂದಕ್ಕೆ ಕೇಳುವುದಿಲ್ಲ. ನಾಳೆ ಬೆಳಿಗ್ಗೆಯಿಂದ ಈ ಕೋಟನ್ನು ಪಿಸು ತೊಡುತ್ತಾಳೆ. ನಾನು ಯಾರನ್ನೂ ಕೇಳಿಲ್ಲ. ಇದು ನನ್ನೊಬ್ಬನ ತೀರ್ಮಾನ, ಮತ್ತು ಇದರ ಮೇಲೆ ಚರ್ಚೆಗೆ ಅವಕಾಶವಿಲ್ಲ.”